ಗಿಡವಾಗಿ ಬಗ್ಗುವ ವಿದ್ಯೆ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬ ಗಾದೆಯನ್ನು ಅರಿಯದ ಕನ್ನಡ ವಿದ್ಯಾರ್ಥಿ ಇರಲಾರನು. ಪರೀಕ್ಷೆಯಲ್ಲಿ ಈ ಗಾದೆಯನ್ನು ವಿಸ್ತರಿಸಿ ಬರೆಯಿರೆಂದು ಕೇಳಿದಾಗ ನೀವೆಲ್ಲರೂ ವಿನಯ, ಸನ್ನಡತೆ, ಬಾಲ್ಯದ ಸಂಸ್ಕಾರ ಇವುಗಳನ್ನು ಕುರಿತು ಒಂದು ಪುಟ ತುಂಬಿಸುತ್ತೀರಿ. ನಾನೂ ಸಂತೋಷದಿಂದ ಅಂಕ ಕೊಡುತ್ತೇನೆ. ಆದರೆ ಈ ಗಾದೆಗೆ ನಮ್ಮ ಮೈಗೇ ಸಂಬಂಧಿಸಿದ ನೇರವಾದ ಅರ್ಥವೂ ಒಂದುಂಟೆಂಬುದು ಕಳೆದ ವರ್ಷದ ಕ್ರೀಡೋತ್ಸವದ ದಿನದವರೆಗೆ ನನಗೆ ಹೊಳೆದಿರಲಿಲ್ಲ.

ಅಂದು ಮುಂಜಾನೆ ಚಳಿ ಹೆಚ್ಚಾಗಿತ್ತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ನೂರು ಮೀಟರ್ ಓಟದಲ್ಲಿ ಗೆಲ್ಲುವನೆಂದು ನಾವೆಲ್ಲರೂ ನಂಬಿದ್ದವನು, ಭಾಷಣಗಳು ಮುಗಿಯುವವರೆಗೆ ಒಂದೂವರೆ ಗಂಟೆ ನೆಲದ ಮೇಲೆ ಕುಳಿತಿದ್ದನು. ಹೆಸರು ಕೂಗಿದೊಡನೆ ಎದ್ದನು. ಗೆಳೆಯನೊಬ್ಬನು ಅವನ ಬೆನ್ನನ್ನು ಒತ್ತಿ ಹಿಡಿಯಲು, ಮೂರು ನಾಲ್ಕು ಬಾರಿ ಜಗ್ಗಿ ಜಗ್ಗಿ ಬಾಗಿ ಕಾಲ್ಬೆರಳು ಮುಟ್ಟಿದನು. ಓಟದ ಗೆರೆಯ ಮೇಲೆ ನಿಂತನು. ಅರ್ಧ ದಾರಿಯವರೆಗೆ ಅವನೇ ಮುಂದಿದ್ದನು. ಆಮೇಲೆ ತೊಡೆಯ ಹಿಂಭಾಗವನ್ನು ಎರಡೂ ಕೈಗಳಿಂದ ಹಿಡಿದುಕೊಂಡು ನೆಲಕ್ಕೆ ಕುಸಿದನು. ಆ ವರ್ಷದ ಅಂತರಶಾಲಾ ಪಂದ್ಯಗಳು ಅವನ ಪಾಲಿಗೆ ಅಲ್ಲಿಗೇ ಮುಗಿದವು.

ಅವನನ್ನು ಎತ್ತಿ ನೆರಳಿಗೆ ತಂದು ಕೂರಿಸಿದಾಗ ಅವನು ಅಳುತ್ತಲೇ ಒಂದು ಪ್ರಶ್ನೆ ಕೇಳಿದನು: "ಸರ್, ಓಡುವ ಮೊದಲು ಬಗ್ಗಿ ಕಾಲು ಮುಟ್ಟಿದ್ದೆನಲ್ಲ, ಆದರೂ ಯಾಕೆ ಹೀಗಾಯಿತು?"

ನನ್ನಲ್ಲಿ ಉತ್ತರವಿರಲಿಲ್ಲ. ನಾನು ಕನ್ನಡ ಕಲಿಸುವವನು. ಸಂಧಿ ಸಮಾಸಗಳನ್ನು ಬಿಡಿಸಬಲ್ಲೆನಲ್ಲದೆ ಸ್ನಾಯುಗಳ ಸಂಧಿಯನ್ನು ಅರಿಯೆನು. ಇನ್ನೊಂದು ಮಾತನ್ನೂ ಇಲ್ಲಿ ಮುಚ್ಚಿಡಬಾರದು. ಆ ಉತ್ಸವಕ್ಕೆ ಮುಂಚಿನ ಮೂರು ವಾರ ಆ ತರಗತಿಯ ಡ್ರಿಲ್ ಪೀರಿಯಡನ್ನು, ಪಾಠಗಳು ಉಳಿದಿವೆಯೆಂಬ ನೆವದಿಂದ, ಕೇಳಿ ಪಡೆದುಕೊಂಡವನು ನಾನೇ. ಹುಡುಗನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಲ್ಲವರನ್ನು ಕೇಳಿ, ಓದಿ, ನನಗೆ ತಿಳಿದುಬಂದುದನ್ನು ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ನಿಮ್ಮ ಮನೆಯಲ್ಲಿ ತಾಯಂದಿರು ಜೋಳದ ರೊಟ್ಟಿ ಮಾಡುವುದನ್ನು ನೋಡಿದ್ದೀರಷ್ಟೆ. ತಣ್ಣೀರಿನಲ್ಲಿ ಕಲಸಿದ ಹಿಟ್ಟನ್ನು ತಟ್ಟಿದರೆ ಅಂಚು ಬಿರಿಯುತ್ತದೆ. ಕುದಿಯುವ ಎಸರು ಹಾಕಿ, ಚೆನ್ನಾಗಿ ನಾದಿ, ಹದಕ್ಕೆ ತಂದ ಮೇಲೆ ಅದೇ ಹಿಟ್ಟು ಬೇಕಾದಷ್ಟು ಅಗಲವಾಗುತ್ತದೆ. ನಮ್ಮ ಸ್ನಾಯುಗಳ ರೀತಿಯೂ ಸರಿಸುಮಾರಾಗಿ ಇದೇ. ಒಂದೂವರೆ ಗಂಟೆ ಕುಳಿತ ದೇಹವು ತಣ್ಣೀರಿನ ಹಿಟ್ಟು. ನಡೆದು, ಮೆಲ್ಲಗೆ ಓಡಿ, ಮೈ ಸ್ವಲ್ಪ ಬೆವರುವಂತಾದಾಗ ಸ್ನಾಯುಗಳಿಗೆ ರಕ್ತ ಹೆಚ್ಚು ಹರಿಯುತ್ತದೆ, ಅವುಗಳ ಶಾಖ ಏರುತ್ತದೆ, ಬಿಗಿತ ತಗ್ಗುತ್ತದೆ. ತಣ್ಣಗಿರುವ ಸ್ನಾಯುವನ್ನು ಮೊದಲೇ ಎಳೆಯಲು ಹೋಗುವುದು ಎಸರಿಡದೆ ರೊಟ್ಟಿ ತಟ್ಟಿದಂತೆ.

ಎರಡನೆಯದು, ಜಗ್ಗುವುದರ ದೋಷ. ಸ್ನಾಯುವಿನೊಳಗೆ ಕದಿರಿನ ಆಕಾರದ ಅತಿ ಸೂಕ್ಷ್ಮವಾದ ಅಂಗಗಳಿವೆ. ಸ್ನಾಯು ಎಷ್ಟು ಹಿಗ್ಗಿತು, ಎಷ್ಟು ವೇಗವಾಗಿ ಹಿಗ್ಗಿತು ಎಂಬ ಸುದ್ದಿಯನ್ನು ಇವು ನರಗಳ ಮೂಲಕ ಬೆನ್ನುಹುರಿಗೆ ಮುಟ್ಟಿಸುತ್ತವೆ. ಎಳೆತವು ಥಟ್ಟನೆ ಬಂದರೆ ಆ ಕ್ಷಣವೇ ಸ್ನಾಯುವನ್ನು ಕುಗ್ಗಿಸುವ ಆಜ್ಞೆ ಹೊರಡುತ್ತದೆ. ವೈದ್ಯರು ಮೊಣಕಾಲಿನ ಚಿಪ್ಪಿನ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದೊಡನೆ ಕಾಲು ತಾನಾಗಿ ಒದೆಯುವುದು ಈ ಕಾರಣದಿಂದಲೇ. ಹೀಗಿರುವಾಗ ಜಗ್ಗಿ ಜಗ್ಗಿ ಬಾಗುವವನು ಒಂದು ಕೈಯಿಂದ ಬಾಗಿಲು ತೆರೆಯುತ್ತ ಇನ್ನೊಂದು ಕೈಯಿಂದ ಮುಚ್ಚುತ್ತಿರುವವನಂತೆ ತನ್ನ ಶ್ರಮವನ್ನು ತಾನೇ ಕೆಡಿಸಿಕೊಳ್ಳುತ್ತಾನೆ. ಬೆನ್ನ ಮೇಲೆ ಗೆಳೆಯನ ಭಾರವೂ ಸೇರಿದರೆ ಅಪಾಯ ಇಮ್ಮಡಿಯಾಗುತ್ತದೆ. ಒತ್ತುವವನಿಗೆ ಒತ್ತಿಸಿಕೊಳ್ಳುವವನ ನೋವು ತಿಳಿಯದು.

ಮೂರನೆಯದು, ನಮ್ಮೆಲ್ಲರ ನಂಬಿಕೆಗೆ ಸಂಬಂಧಿಸಿದ್ದು. ಓಟಕ್ಕೆ ಮುಂಚೆ ನಿಂತಲ್ಲಿಯೇ ಕೈಕಾಲು ಹಿಗ್ಗಿಸಿದರೆ ಗಾಯವಾಗದೆಂದು ಬಹುಕಾಲದಿಂದ ಹೇಳಿಕೊಂಡು ಬಂದಿದ್ದೇವೆ. ಈ ಮಾತನ್ನು ಪರೀಕ್ಷಿಸಿದವರಿದ್ದಾರೆ. ಆಸ್ಟ್ರೇಲಿಯ ದೇಶದ ಸೈನ್ಯಕ್ಕೆ ಹೊಸದಾಗಿ ಸೇರಿದ 1538 ಮಂದಿ ತರುಣರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಮಾತ್ರ ಕವಾಯತಿನ ಮುಂಚೆ ಕಾಲಿನ ಸ್ನಾಯುಗಳನ್ನು ಹಿಗ್ಗಿಸಿ ಹಿಡಿಯುವ ಅಭ್ಯಾಸ ಮಾಡಿಸಿ, ಹನ್ನೆರಡು ವಾರ ಕಾದು ನೋಡಿದರು. 2000ದಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ಎರಡು ಗುಂಪುಗಳ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಷ್ಟೇ ಅಲ್ಲ, ಒಂದೇ ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಹಿಗ್ಗಿಸಿ ಹಿಡಿದು ಆ ಕೂಡಲೇ ಓಡಿದರೆ ಅಥವಾ ನೆಗೆದರೆ ಅದರ ಬಲ ತುಸು ಕಡಿಮೆಯಾಗುವುದೆಂದೂ ಅನೇಕ ಪರೀಕ್ಷೆಗಳಿಂದ ತಿಳಿದಿದೆ. ಸ್ವಲ್ಪ ಹೊತ್ತು ಹಿಡಿದರೆ ಹಾನಿ ಇಲ್ಲ. ಆದರೆ ಅದನ್ನೇ ಕವಚವೆಂದು ನಂಬಿ ಕಣಕ್ಕಿಳಿಯುವುದು ಸರಿಯಲ್ಲ. ಮರುದಿನದ ಮೈನೋವು ಸಹ ಹಿಗ್ಗಿಸುವುದರಿಂದ ಬಹಳ ಅಲ್ಪವಾಗಿ ಮಾತ್ರ ತಗ್ಗುತ್ತದೆ.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ವೇಗವಾಗಿ ಓಡುವಾಗ ಮುಂದಕ್ಕೆ ಬೀಸಿದ ಕಾಲು ನೆಲ ಮುಟ್ಟುವ ತುಸು ಮೊದಲು ತೊಡೆಯ ಹಿಂಭಾಗದ ಸ್ನಾಯು ಉದ್ದವಾಗುತ್ತಲೇ ಕಾಲಿನ ವೇಗಕ್ಕೆ ಕಡಿವಾಣ ಹಾಕಬೇಕಾಗುತ್ತದೆ. ಉದ್ದವಾಗುವುದು, ಬಲ ತೋರುವುದು, ಇವೆರಡನ್ನೂ ಏಕಕಾಲದಲ್ಲಿ ಮಾಡುವ ಈ ಕ್ಷಣದಲ್ಲಿಯೇ ಅದು ಹೆಚ್ಚಾಗಿ ಹರಿಯುತ್ತದೆ. ಕಾಲ್ಬೆರಳು ಮುಟ್ಟುವುದರಿಂದ ಈ ಸಾಮರ್ಥ್ಯ ಬರುವುದಿಲ್ಲ. ಅದಕ್ಕೆ ಮೈಯ ಕಾವೂ ಬೇಕು, ವಾರಗಟ್ಟಲೆ ಬೆಳೆಸಿದ ಬಲವೂ ಬೇಕು. ನಮ್ಮ ಹುಡುಗನಿಗೆ ಎರಡೂ ದೊರೆತಿರಲಿಲ್ಲ. ಮೊದಲನೆಯದನ್ನು ಭಾಷಣಗಳು ಕಸಿದವು. ಎರಡನೆಯದನ್ನು ನಾನು ಕಸಿದೆನು.

ಹಾಗಾದರೆ ಆಟಕ್ಕೆ ಮುಂಚೆ ಮಾಡಬೇಕಾದುದೇನು? ಚಲಿಸುತ್ತ ಚಲಿಸುತ್ತ ಮೈಯನ್ನು ಸಡಿಲಿಸಬೇಕು. ಮೊದಲು ಐದು ನಿಮಿಷ ಚುರುಕಾದ ನಡಿಗೆ ಮತ್ತು ಲಘುವಾದ ಓಟ. ಬಳಿಕ ಗೋಡೆಯನ್ನು ಹಿಡಿದು ನಿಂತು ಕಾಲನ್ನು ಗಡಿಯಾರದ ಲೋಲಕದಂತೆ ಹಿಂದೆ ಮುಂದೆ ಬೀಸುವುದು; ಮೊಣಕಾಲನ್ನು ಸೊಂಟದ ಮಟ್ಟಕ್ಕೆ ಎತ್ತಿ ಎತ್ತಿ ನಡೆಯುವುದು; ಹಿಮ್ಮಡಿಯನ್ನು ಹಿಂದಕ್ಕೆ ಮಡಿಸುತ್ತ ಓಡುವುದು; ದೊಡ್ಡ ಹೆಜ್ಜೆಯಿಟ್ಟು ಮುಂಗಾಲಿನ ಮೇಲೆ ಬಾಗಿ ಏಳುತ್ತ ಸಾಗುವುದು; ತೋಳುಗಳನ್ನು ಚಕ್ರಾಕಾರವಾಗಿ ತಿರುಗಿಸುವುದು. ಕೊನೆಗೆ ಇಪ್ಪತ್ತು ಮೂವತ್ತು ಮೀಟರಿನಷ್ಟು ದೂರವನ್ನು ಎರಡು ಮೂರು ಬಾರಿ, ಪ್ರತಿ ಸಲವೂ ವೇಗವನ್ನು ಏರಿಸುತ್ತ ಓಡುವುದು. ಇಷ್ಟಕ್ಕೆ ಹತ್ತು ಹನ್ನೆರಡು ನಿಮಿಷ ಸಾಕು. ಸೂರ್ಯನಮಸ್ಕಾರವನ್ನು ಅವಸರವಿಲ್ಲದೆ ಮಾಡಿದರೆ ಅದೂ ಇಂಥದೇ ಚಲಿಸುವ ಅಭ್ಯಾಸ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ ಕೆ. ವಿ. ಅಯ್ಯರ್ ಅವರು ಭಾರ ಎತ್ತುವ ಸಾಧನೆಯೊಡನೆ ಸೂರ್ಯನಮಸ್ಕಾರವನ್ನೂ ಕಲಿಸುತ್ತಿದ್ದರು. 'ಶಾಂತಲಾ' ಕಾದಂಬರಿಯನ್ನು ಬರೆದವರೂ ಅವರೇ ಎಂಬುದನ್ನು ಕನ್ನಡದ ಮಕ್ಕಳು ನೆನಪಿಡಬೇಕು. ಪುಸ್ತಕಕ್ಕೂ ವ್ಯಾಯಾಮಕ್ಕೂ ಹಗೆತನವಿಲ್ಲ.

ಇಂಥ ಸಿದ್ಧತೆಯಿಂದ ಫಲವುಂಟೇ ಎಂದು ಕೇಳುವಿರಾದರೆ, ಉಂಟು. ನಾರ್ವೆ ದೇಶದಲ್ಲಿ ಕಾಲ್ಚೆಂಡಾಡುವ 13ರಿಂದ 17 ವರ್ಷದ ಬಾಲಕಿಯರಿಗೆ ಓಟ, ಬಲ, ಸಮತೋಲನಗಳನ್ನು ಒಳಗೊಂಡ ಒಂದು ಪೂರ್ವಾಭ್ಯಾಸವನ್ನು ಕಲಿಸಿ ಪರೀಕ್ಷಿಸಿದರು. ಅದನ್ನು ಪಾಲಿಸಿದ ತಂಡಗಳಲ್ಲಿ ಒಟ್ಟು ಗಾಯಗಳು ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು ಕಡಿಮೆಯಾದುವೆಂದು 2008ರಲ್ಲಿ ವರದಿಯಾಯಿತು. ಅವರು ನಿಮ್ಮ ವಯಸ್ಸಿನವರೇ. ಅವರಿಗೆ ದೊರೆತುದು ದುಬಾರಿಯಾದ ಉಪಕರಣವಲ್ಲ; ಪ್ರತಿ ಅಭ್ಯಾಸದ ಆರಂಭದ ಇಪ್ಪತ್ತು ನಿಮಿಷ.

ಇಷ್ಟನ್ನು ಓದಿ, ನಿಂತು ಹಿಗ್ಗಿಸುವುದೇ ವ್ಯರ್ಥವೆಂದು ತಿಳಿಯಬೇಡಿರಿ. ಅದಕ್ಕೂ ಒಂದು ಕಾಲವಿದೆ. ಅದು ಆಟ ಮುಗಿದ ಮೇಲಿನ, ಮೈ ಇನ್ನೂ ಬೆಚ್ಚಗಿರುವ ಕಾಲ. ದೇಹದ ಬಳುಕು ಬೆಳೆಯುವುದು ಆಗ. ಗೋಡೆಗೆ ಕೈಯಿಟ್ಟು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಮೀನಖಂಡವನ್ನು ಹಿಗ್ಗಿಸಿರಿ. ಬೆನ್ನ ಮೇಲೆ ಮಲಗಿ, ಪಾದಕ್ಕೆ ಒಂದು ಟವೆಲನ್ನು ಸುತ್ತಿ, ಕಾಲನ್ನು ಮೆಲ್ಲಗೆ ಮೇಲಕ್ಕೆ ತಂದು ತೊಡೆಯ ಹಿಂಭಾಗವನ್ನು ಹಿಗ್ಗಿಸಿರಿ. ನಿಂತು, ಹಿಮ್ಮಡಿಯನ್ನು ಹಿಂದಿನಿಂದ ಹಿಡಿದು ತೊಡೆಯ ಮುಂಭಾಗವನ್ನು ಹಿಗ್ಗಿಸಿರಿ. ಬಾಗಿಲ ಚೌಕಟ್ಟಿಗೆ ಮುಂಗೈಗಳನ್ನಿಟ್ಟು ಎದೆಯನ್ನು ಮುಂದೆ ತಂದು ಭುಜಗಳನ್ನು ಸಡಿಲಿಸಿರಿ. ಪ್ರತಿಯೊಂದನ್ನೂ ಇಪ್ಪತ್ತರಿಂದ ಮೂವತ್ತು ಸೆಕೆಂಡು ಹಿಡಿದು, ಎರಡು ಮೂರು ಸಲ ಮಾಡಿದರೆ ಸಾಕು. ವಾರಕ್ಕೆ ಎರಡು ಮೂರು ದಿನ ತಪ್ಪದಿರಲಿ. ನಿತ್ಯವೂ ಆದರೆ ಇನ್ನೂ ಲೇಸು. ಉಸಿರನ್ನು ಬಿಗಿಹಿಡಿಯಬಾರದು, ಉಸಿರು ಬಿಡುವಾಗ ತುಸು ಮುಂದೆ ಸಾಗಬೇಕು. ಎಳೆತ ಇರಬೇಕು, ನೋವು ಇರಬಾರದು. ಕೀಲಿನೊಳಗೆ ಚುಚ್ಚಿದರೆ, ಜೋಮು ಹಿಡಿದರೆ, ಆ ಕ್ಷಣವೇ ನಿಲ್ಲಿಸಬೇಕು. ಉಳುಕಿದ ಅಥವಾ ಹರಿದ ಸ್ನಾಯುವನ್ನು ಎಳೆದು ಸರಿಪಡಿಸುವೆನೆಂದು ಹೊರಡುವುದು ತಿಳಿಗೇಡಿತನ.

ಇನ್ನೊಂದು ಕುತೂಹಲದ ಸಂಗತಿ. ಕೆಲವು ವಾರಗಳ ಅಭ್ಯಾಸದಿಂದ ನಾವು ಹೆಚ್ಚು ಬಾಗುವಂತಾದಾಗ ಸ್ನಾಯುವೇ ಉದ್ದವಾಯಿತೆಂದು ಭಾವಿಸುತ್ತೇವೆ. ಬಹುಪಾಲು ಆಗುವುದು ಬೇರೆ. ಮೊದಲು ಅಪಾಯವೆಂದು ಕೂಗುತ್ತಿದ್ದ ನರಗಳು ಆ ಎಳೆತಕ್ಕೆ ಒಗ್ಗಿ, ಅದನ್ನು ಸಹಿಸಲು ಕಲಿಯುತ್ತವೆ. ಎಂದರೆ ಬಳುಕು ಒಂದು ಬಗೆಯ ವಿಶ್ವಾಸ. ಹೆದರಿದ ಮಗುವಿಗೆ ಗದರಿಸಿದರೆ ಅದು ಇನ್ನಷ್ಟು ಮುದುಡಿಕೊಳ್ಳುತ್ತದೆ. ಮೆಲ್ಲನೆ ಕರೆದರೆ ಹತ್ತಿರ ಬರುತ್ತದೆ. ಮೈಯೂ ಹಾಗೆಯೇ.

ಈ ಮಾತಿಗೆ ಕನ್ನಡನಾಡಿನಿಂದಲೇ ಒಂದು ದೊಡ್ಡ ನಿದರ್ಶನವನ್ನು ಕೊಡಬಲ್ಲೆನು. 1918ರ ಡಿಸೆಂಬರಿನಲ್ಲಿ, ಇನ್‌ಫ್ಲುಯೆಂಜಾ ಮಹಾಮಾರಿ ಊರೂರನ್ನು ಬಾಧಿಸುತ್ತಿದ್ದ ಕಾಲದಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಒಂದು ಮಗು ಹುಟ್ಟಿತು. ತಂದೆ ಶಾಲಾ ಉಪಾಧ್ಯಾಯರು, ಮನೆಯಲ್ಲಿ ಬಡತನ. ಬಾಲಕನನ್ನು ಮಲೇರಿಯ, ವಿಷಮಜ್ವರ, ಕ್ಷಯ ಇವು ಒಂದಾದ ಮೇಲೊಂದು ಪೀಡಿಸಿದವು. ತಂದೆ ತೀರಿಕೊಂಡಾಗ ಅವನಿಗಿನ್ನೂ ಒಂಬತ್ತರ ಪ್ರಾಯ. ಹದಿನೈದನೆಯ ವಯಸ್ಸಿನಲ್ಲಿ ಮೈಸೂರಿಗೆ ಬಂದು, ಅರಮನೆಯ ಆಶ್ರಯದಲ್ಲಿ ಯೋಗಶಾಲೆ ನಡೆಸುತ್ತಿದ್ದ ಭಾವನವರಾದ ತಿರುಮಲೈ ಕೃಷ್ಣಮಾಚಾರ್ಯರ ಮನೆಯಲ್ಲಿ ನಿಂತನು. ಆಗ ಅವನ ಮೈ ಎಷ್ಟು ಬಿರುಸಾಗಿತ್ತೆಂದರೆ, ಮುಂದಕ್ಕೆ ಬಾಗಿದರೆ ಕೈಬೆರಳು ಮೊಣಕಾಲಿನ ಸಮೀಪಕ್ಕೆ ಮಾತ್ರ ಬರುತ್ತಿತ್ತು. ಆ ಬಾಲಕನೇ ಮುಂದೆ ಲೋಕವಿಖ್ಯಾತರಾದ ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್ ಅವರು.

ಅವರು ತಮ್ಮ ಆ ದಿನಗಳ ಒಂದು ಪ್ರಸಂಗವನ್ನು ಹೇಳಿಕೊಂಡಿದ್ದಾರೆ. ಗಣ್ಯರ ಎದುರಿನಲ್ಲಿ ಹನುಮಾನಾಸನವನ್ನು, ಎಂದರೆ ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ನೇರವಾಗಿ ಚಾಚಿ ನೆಲಕ್ಕೆ ಕುಳಿತುಕೊಳ್ಳುವ ಆಸನವನ್ನು, ಪೂರ್ವಾಭ್ಯಾಸವಿಲ್ಲದೆ ಮಾಡಬೇಕಾಗಿ ಬಂತು. ಗುರುವಿನ ಆಜ್ಞೆಯನ್ನು ಮೀರಲಾರದೆ ಮಾಡಿದರು. ತೊಡೆಯ ಹಿಂಭಾಗದ ಸ್ನಾಯುಗಳು ಹರಿದು ಬಹುಕಾಲ ನೆಟ್ಟಗೆ ನಡೆಯಲಾಗಲಿಲ್ಲ. ನಮ್ಮ ಹುಡುಗನಿಗೆ ಪೆಟ್ಟಾದುದೂ ಅದೇ ಜಾಗದಲ್ಲಿ ಎಂಬುದನ್ನು ಗಮನಿಸಿರಿ.

ಅಂಥ ಪೆಟ್ಟನ್ನು ತಿಂದವರು ಯೋಗಕ್ಕೇ ಕೈಮುಗಿದು ಬಿಡಬಹುದಾಗಿತ್ತು. ಇಲ್ಲವೆ ತಾವು ಪಟ್ಟ ಕಷ್ಟವನ್ನು ಶಿಷ್ಯರೂ ಪಡಲೆಂದು ಕಠೋರರಾಗಬಹುದಾಗಿತ್ತು. ಶಿಸ್ತಿನಲ್ಲಿ ಅವರು ಕಠಿಣರಾಗಿಯೇ ಇದ್ದರು. ಆದರೂ 1937ರಲ್ಲಿ ಪುಣೆಗೆ ಹೋಗಿ ನೆಲೆಸಿದ ಅವರು ಕಾಲಕ್ರಮದಲ್ಲಿ ಕಂಡುಕೊಂಡ ದಾರಿ ಮೂರನೆಯದು. ಕೈ ನೆಲಕ್ಕೆ ಮುಟ್ಟದವನಿಗೆ ಕೈಯ ಕೆಳಗೆ ಮರದ ತುಂಡು. ಪಾದವನ್ನು ಹಿಡಿಯಲಾರದವನಿಗೆ ಪಟ್ಟಿ. ನಿಲ್ಲಲಾರದವನಿಗೆ ಕುರ್ಚಿ, ಗೋಡೆ, ಹಗ್ಗ. ದೇಹವನ್ನು ನೆಲಕ್ಕೆ ಎಳೆಯುವ ಬದಲು ನೆಲವನ್ನೇ ದೇಹದ ಬಳಿಗೆ ಎತ್ತಿ ತಂದ ಉಪಾಯವಿದು. ಮೇಲೆ ನಾನು ಹೇಳಿದ ಟವೆಲ್ ಸಹ ಇದೇ ಉಪಾಯದ ಬಡವರ ರೂಪ. 1966ರಲ್ಲಿ ಹೊರಬಂದ ಅವರ ಗ್ರಂಥವು ಅನೇಕ ಭಾಷೆಗಳಿಗೆ ಹೋಯಿತು. 2014ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷ ಆಗಸ್ಟಿನಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡರು. ಮೊಣಕಾಲನ್ನು ದಾಟದ ಕೈ ಲೋಕಕ್ಕೇ ಬಗ್ಗುವುದನ್ನು ಕಲಿಸಿತು. ಜನ್ಮತಃ ಬಳುಕು ಇಲ್ಲವೆಂದು ಕೊರಗುವವರಿಗೆ ಇದಕ್ಕಿಂತ ದೊಡ್ಡ ಧೈರ್ಯ ಬೇಕೆ?

ಇನ್ನು ನನ್ನ ಅಭಿಪ್ರಾಯವನ್ನು ಬಿಚ್ಚಿ ಹೇಳುತ್ತೇನೆ. ವರ್ಷಕ್ಕೊಮ್ಮೆ ಜೂನ್ 21ರಂದು ಸಾಲಾಗಿ ನಿಂತು ಕಠಿಣವಾದ ಆಸನಗಳನ್ನು ಪ್ರದರ್ಶಿಸಿ, ಚಿತ್ರ ತೆಗೆಸಿಕೊಂಡು, ಉಳಿದ ದಿನಗಳಲ್ಲಿ ಬೆಂಚಿನ ಮೇಲೆ ಗೂನುಬೆನ್ನಾಗಿ ಕೂರುವುದು ಅಂಗಸಾಧನೆಯಲ್ಲ. ಹೆಚ್ಚು ಬಾಗಿದವನೇ ಹೆಚ್ಚು ಆರೋಗ್ಯವಂತನೆಂಬುದೂ ಭ್ರಮೆ. ಕೂಚಿಪುಡಿ ಕಲಿಯುವ ಹುಡುಗಿಗೆ ಬೇಕಾದ ಬಳುಕು ಬೇರೆ, ಕಬಡ್ಡಿಯಾಡುವ ಹುಡುಗನಿಗೆ ಬೇಕಾದುದು ಬೇರೆ. ನಿಮ್ಮ ವಯಸ್ಸಿನಲ್ಲಿ ಮೂಳೆಗಳ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ. ಥಟ್ಟನೆ ಎತ್ತರವಾಗುವ ವರ್ಷದಲ್ಲಿ ಮೈ ಬಿಗಿಯಾದಂತೆ ತೋರುವುದುಂಟು. ಅದಕ್ಕೆ ನಾಚಬೇಕಾಗಿಲ್ಲ, ಪಕ್ಕದವನೊಡನೆ ಪಂದ್ಯ ಕಟ್ಟಬೇಕಾಗಿಯೂ ಇಲ್ಲ. ನಿನ್ನೆಯ ನಿನ್ನೊಡನೆ ಇಂದಿನ ನೀನು ಪಂದ್ಯ ಕಟ್ಟಿದರೆ ಸಾಕು.

"ನಗರದಲ್ಲಿ ಜಾಗವೆಲ್ಲಿದೆ?" ಎಂದು ಕೆಲವರು ಕೇಳುತ್ತಾರೆ. ಹಳ್ಳಿಯಿಂದ ಬಂದ ಹೊಸದರಲ್ಲಿ ನನಗೂ ಹಾಗೆಯೇ ಅನ್ನಿಸಿತ್ತು. ಕಲಬುರಗಿ ಕಡೆಯ ನಮ್ಮ ಊರಿನಲ್ಲಿ ಹೊಲವಿತ್ತು, ಗರಡಿಮನೆಯಿತ್ತು. ಇಲ್ಲಿ ಇಕ್ಕಟ್ಟಾದ ಗಲ್ಲಿ, ಎರಡು ಕೋಣೆಯ ಮನೆ. ಆದರೆ ಲೆಕ್ಕ ಹಾಕಿ ನೋಡಿರಿ: ಒಂದು ಚಾಪೆಯ ಅಗಲ, ಒಂದು ಗೋಡೆ, ಒಂದು ಟವೆಲ್, ಇಷ್ಟೇ ಬೇಕಾದುದು. ಈ ಬಗೆಯ ಸಾಧನೆಗಿಂತ ಕಡಿಮೆ ಜಾಗ ಬೇಡುವ ವಿದ್ಯೆ ಓದು ಒಂದೇ ಇದ್ದೀತು.

"ಸಮಯವೆಲ್ಲಿದೆ?" ಎಂಬುದು ಎರಡನೆಯ ಆಕ್ಷೇಪ. ಇದು ನಿಮ್ಮ ಆಕ್ಷೇಪಕ್ಕಿಂತ ಹೆಚ್ಚಾಗಿ ನಮ್ಮದು, ಎಂದರೆ ಉಪಾಧ್ಯಾಯರದು ಮತ್ತು ಪಾಲಕರದು. ಪರೀಕ್ಷೆ ಹತ್ತಿರ ಬಂದಂತೆ ಮೊದಲು ಬಲಿಯಾಗುವುದು ಡ್ರಿಲ್ ಪೀರಿಯಡ್. ಗಣಿತಕ್ಕೆ ಒಂದು, ವಿಜ್ಞಾನಕ್ಕೆ ಒಂದು, ಕನ್ನಡಕ್ಕೆ ಒಂದು ಎಂದು ನಾವು ಅದನ್ನು ಹಂಚಿಕೊಳ್ಳುತ್ತೇವೆ. ಅದು ಪಾಠವೇ ಅಲ್ಲವೆಂಬ ಭಾವನೆ ನಮ್ಮ ಮನಸ್ಸಿನಲ್ಲಿ ಬೇರೂರಿದೆ. ಆದರೆ ಇದೇ ಹೈದರಾಬಾದಿನಲ್ಲಿ, ಕಾಚಿಗೂಡದ ಮಿಡ್ಲ್ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಒಬ್ಬ ಉಪಾಧ್ಯಾಯರು ಮುಂದೆ ಶಾಲೆಗಳ ಆಟೋಟಗಳ ಹೊಣೆ ಹೊತ್ತು, ವ್ಯಾಯಾಮ ಶಿಕ್ಷಣದಲ್ಲಿಯೂ ತರಬೇತಿ ಪಡೆದರು. ಅವರ ಹೆಸರು ಸೈಯದ್ ಅಬ್ದುಲ್ ರಹೀಮ್. ಅವರು ತರಬೇತು ಮಾಡಿದ ಭಾರತದ ಕಾಲ್ಚೆಂಡಿನ ತಂಡವು 1951 ಮತ್ತು 1962ರ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಆಟದ ಬಯಲನ್ನೂ ತರಗತಿಯೆಂದೇ ಬಗೆದ ಉಪಾಧ್ಯಾಯರು ಈ ಊರಿನಲ್ಲಿ ಆಗಿಹೋಗಿದ್ದಾರೆ. ನಾವು ಅದನ್ನು ಮರೆತಿದ್ದೇವೆ.

ಆದುದರಿಂದ ನನ್ನ ಸಲಹೆಗಳು ಮೂರೇ. ಒಂದು, ಡ್ರಿಲ್ ಪೀರಿಯಡನ್ನು ಯಾವ ಪಾಠಕ್ಕೂ ಸಾಲವಾಗಿ ಕೊಡಕೂಡದು. ಎರಡು, ಕ್ರೀಡೋತ್ಸವದ ದಿನ ಓಟಗಾರರನ್ನು ಭಾಷಣ ಕೇಳಲು ಕೂರಿಸಕೂಡದು. ಹೆಸರು ಕೂಗುವ ಕಾಲು ಗಂಟೆ ಮೊದಲೇ ಅವರು ಬಯಲಿನ ಅಂಚಿನಲ್ಲಿ ಮೈ ಬಿಸಿಮಾಡಿಕೊಳ್ಳುತ್ತಿರಬೇಕು. ಮೂರು, ಒಬ್ಬರ ಬೆನ್ನನ್ನು ಇನ್ನೊಬ್ಬರು ಒತ್ತುವ ಪದ್ಧತಿ ನಮ್ಮ ಶಾಲೆಯಿಂದ ತೊಲಗಬೇಕು. ಇವು ಯಾವುದಕ್ಕೂ ಹಣ ಬೇಕಾಗಿಲ್ಲ.

ಬಿದ್ದ ಆ ಹುಡುಗ ಈಗ ಹತ್ತನೆಯ ತರಗತಿಯಲ್ಲಿದ್ದಾನೆ. ಮೊದಲು ನಡಿಗೆ, ಆಮೇಲೆ ಲಘು ಓಟ, ಆಮೇಲೆ ಬಲದ ಅಭ್ಯಾಸ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿ ಮತ್ತೆ ಓಡುತ್ತಿದ್ದಾನೆ. ಮೊನ್ನೆ ಡ್ರಿಲ್ ಪೀರಿಯಡಿನ ಹೊತ್ತಿಗೆ, ಹಳೆಯ ಚಾಳಿಯಂತೆ, ಒಂದು ಅಲಂಕಾರ ಉಳಿದಿದೆಯೆಂದು ನಾನು ಅವರ ತರಗತಿಯ ಬಾಗಿಲಿಗೆ ಹೋದೆನು. ಅವನು ಎದ್ದು ನಿಂತು, "ಸರ್, ಅಲಂಕಾರ ನಾಳೆಗೂ ಇರ್ತದಲ್ಲ?" ಎಂದನು. ತರಗತಿ ನಕ್ಕಿತು. ನಾನೂ ನಕ್ಕು ಹಿಂದಿರುಗಿದೆನು. ಗಿಡಗಳು ಹದವಾಗಿ ಬಗ್ಗುವುದನ್ನು ಕಲಿಯುತ್ತಿದ್ದುವು. ಮರವೂ ಅಂದು ಸ್ವಲ್ಪ ಬಗ್ಗಿತು.